ತೆಪ್ಪದ ಕೆಳಗಿನ ಮೀನುಗಳು

ತುಮಕೂರು
14 ಜುಲೈ 2025, ಸೋಮವಾರ

ನರಸಮ್ಮ ಅವರಿಗೆ ನಮಸ್ಕಾರ.

ಕಡಬಕ್ಕೆ ಬಂದು ನಿಮ್ಮ ಕೃಷಿ ಹೊಂಡಕ್ಕೆ ಸೋಲಾರ್ ತೆಪ್ಪ ಇಳಿಸಿ ಮೂರು ದಿನವಾಯಿತು. ಅವತ್ತು ಗಡಿಬಿಡಿಯಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಬರೆದು ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳೋಣವೆಂದರೆ ನೀವು ಕೊಟ್ಟಿರುವುದು ನಿಮ್ಮ ಯಜಮಾನರ ನಂಬರು. ಅವರು ಯಾವಾಗ ಎತ್ತಿದರೂ ಗೂಡ್ಸ್ ಆಟೋ ಓಡಿಸುತ್ತಿರುತ್ತಾರೆ. "ಆಯ್ತು ಮೇಡಂ, ಹೇಳ್ತೀನಿ" ಅನ್ನುತ್ತಾರೆ. ಹೇಳುತ್ತಾರೋ ಇಲ್ಲವೋ ನನಗೆ ತಿಳಿಯದು.

ನನ್ನ ಸಂಶೋಧನೆಯ ಪ್ರಶ್ನೆ ಸಣ್ಣದು. ಹೊಂಡದ ಮೇಲೆ ಸೋಲಾರ್ ಪ್ಯಾನಲ್ ತೇಲಿಬಿಟ್ಟರೆ ಜಮೀನು ಉಳಿಯುತ್ತದೆ, ನೀರು ಆವಿಯಾಗುವುದು ತಗ್ಗುತ್ತದೆ, ಅದೇ ಕರೆಂಟಿನಲ್ಲಿ ನೀರಿಗೆ ಗಾಳಿ ಊದುವ ಯಂತ್ರವೂ ನಡೆಯುತ್ತದೆ. ಆದರೆ ನೀರಿನಲ್ಲಿರುವ ಹಸಿರು ಪಾಚಿಗೆ ಬಿಸಿಲು ಬಿದ್ದರೆ ತಾನೆ ಅದು ಮೀನಿಗೆ ಬೇಕಾದ ಆಮ್ಲಜನಕ ಕೊಡುವುದು? ಎಷ್ಟು ಮುಚ್ಚಬಹುದು, ಎಷ್ಟು ಮುಚ್ಚಿದರೆ ಮೀನಿಗೆ ಉಸಿರು ಕಟ್ಟುತ್ತದೆ, ಅದು ಗೊತ್ತಾಗಬೇಕು. ನಿಮ್ಮ ಹೊಂಡವನ್ನು ಮೂರರಲ್ಲೊಂದು ಭಾಗ ಮುಚ್ಚಿದ್ದೇವೆ. ಕುಣಿಗಲ್ ಹತ್ತಿರ ದಯಾನಂದ ಅನ್ನುವವರ ಹೊಂಡವನ್ನು ಅರ್ಧ ಮುಚ್ಚಿದ್ದೇವೆ.

ಪ್ರತಿ ಶನಿವಾರ ಮೂರು ಬಾಟಲಿ ನೀರು ತುಂಬಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಗಂಗಾಧರ್ ಅವರ ಬಸ್ಸಿಗೆ ಕೊಡಿ. ಅವರು ಆ ಬಸ್ಸಿನ ಕಂಡಕ್ಟರು, ಮಾತಾಡಿದ್ದೇನೆ. ಗುಬ್ಬಿ ಮೇಲೆ ಹಾದು ಇಲ್ಲಿಗೆ ಬಂದಾಗ ನಾನು ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಆಮ್ಲಜನಕ ಅಳೆಯುವ ಸೆನ್ಸರಿನ ತುದಿ ತೊಳೆಯಿರಿ. ತೆಪ್ಪದ ಹಗ್ಗವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಬಿಚ್ಚಿದರೆ ಇಡೀ ಪ್ರಯೋಗವೇ ಹಾಳು.

ಮುಖ್ಯವಾದದ್ದು ಸೈರನ್. ಆಮ್ಲಜನಕ ಇಳಿಯುವುದು ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ. ಇಳಿದರೆ ಸೈರನ್ ಕೂಗುತ್ತದೆ. ಕೂಡಲೇ ಬಂದು ಕೆಂಪು ಗುಂಡಿ ಒತ್ತಿದರೆ ಗಾಳಿ ಯಂತ್ರ ಬ್ಯಾಟರಿಯಿಂದ ಜೋರಾಗಿ ಓಡುತ್ತದೆ. ಬ್ಯಾಟರಿ ಚಿಕ್ಕದಾದ್ದರಿಂದ ಅದು ತಾನಾಗಿ ಓಡುವಂತೆ ಮಾಡಿಲ್ಲ. ಸೈರನ್ ಕೂಗದಿದ್ದರೆ ನೀವು ನಿಶ್ಚಿಂತೆಯಾಗಿರಬಹುದು.

ವಂದನೆಗಳು,
ಅಪರ್ಣ

*

ಕಡಬ
19 ಜುಲೈ 2025, ಶನಿವಾರ

ಅಪರ್ಣ ಮೇಡಂ ಅವರಿಗೆ ನರಸಮ್ಮ ಮಾಡುವ ನಮಸ್ಕಾರಗಳು.

ಕಾಗದ ತಲುಪಿತು. ನನ್ನ ಹೆಸರಿಗೆ ಒಂದು ಕಾಗದ ಬಂದು ಎಷ್ಟು ವರ್ಷವಾಗಿತ್ತೋ! ಎರಡು ಸಲ ಓದಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೇನೆ. ನಾನು ಗುಬ್ಬಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಬರವಣಿಗೆ ಮರೆತಿಲ್ಲ.

ನೀವು ಹೇಳಿದ್ದೆಲ್ಲ ತಿಳಿಯಿತು. ಮುಂದೆಯೂ ಹೀಗೇ ಬರೆಯಿರಿ, ಫೋನ್ ಬೇಡ. ಬರೆದದ್ದಾದರೆ ತಿರುಗಿ ನೋಡಿಕೊಳ್ಳಬಹುದು.

ಎಂಟುನೂರು ಮೀನುಮರಿಗಳೂ ಆರಾಮಾಗಿವೆ. ತೌಡು, ಕಡಲೆಕಾಯಿ ಹಿಂಡಿ ಕಲೆಸಿ ಹಾಕುತ್ತೇನೆ. ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ಮಧ್ಯಾಹ್ನ ಬಿಸಿಲು ಏರಿದಾಗ ರೋಹು ಮೀನುಗಳು ನಿಮ್ಮ ತೆಪ್ಪದ ಕೆಳಗೆ ನೆರಳಿಗೆ ಸೇರುತ್ತವೆ. ಕಾಟ್ಲಾ ಮಾತ್ರ ಬಿಸಿಲಿನ ಕಡೆಗೇ ಇರುತ್ತದೆ. ಮನುಷ್ಯರ ಹಾಗೇ ಒಂದೊಂದಕ್ಕೆ ಒಂದೊಂದು ಬಗೆ.

ಮೊದಲ ಮೀನು ಹಿಡಿದ ದಿನ ನೀವು ನಮ್ಮ ಮನೆಗೆ ಊಟಕ್ಕೆ ಬರಬೇಕು. ನನ್ನ ಕೈಯ ಮೀನುಸಾರಿಗೆ ಊರಲ್ಲಿ ಹೆಸರಿದೆ.

ಇಂತಿ,
ನರಸಮ್ಮ

*

ತುಮಕೂರು
4 ಆಗಸ್ಟ್ 2025, ಸೋಮವಾರ

ನರಸಮ್ಮ ಅವರಿಗೆ,

ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ಎರಡೂ ಹೊಂಡಗಳ ಸೈರನ್ನನ್ನು ಇಲ್ಲಿಂದಲೇ ಪರೀಕ್ಷೆಗೆಂದು ಕೂಗಿಸಿದೆ. ಕುಣಿಗಲ್‌ನಲ್ಲಿ ದಯಾನಂದ ಅವರು ಎರಡೇ ನಿಮಿಷದಲ್ಲಿ ಬಂದು ಗುಂಡಿ ಒತ್ತಿದರು. ನಿಮ್ಮಲ್ಲಿ ಇಪ್ಪತ್ತೈದು ನಿಮಿಷ ಕೂಗಿ ತಾನಾಗಿ ನಿಂತಿತು. ಯಾರೂ ಬರಲಿಲ್ಲ. ನಿಮ್ಮ ಯಜಮಾನರಿಗೆ ಫೋನ್ ಮಾಡಿದರೆ "ನಾನ್ ನಿಟ್ಟೂರ್ ತಾವ ಇವ್ನಿ ಮೇಡಂ, ಅವ್ಳು ಮನೇಲೇ ಅವ್ಳೆ" ಅಂದರು.

ಮನೆಯಲ್ಲೇ ಇದ್ದಿರಾ? ಹೊಂಡಕ್ಕೂ ಮನೆಗೂ ಐವತ್ತು ಹೆಜ್ಜೆ. ಏನಾಯಿತೆಂದು ದಯವಿಟ್ಟು ತಿಳಿಸಿ.

ಊಟದ ಕರೆಗೆ ಥ್ಯಾಂಕ್ಸ್. ಆಗ ನೋಡೋಣ.

ಅಪರ್ಣ

*

ಕಡಬ
9 ಆಗಸ್ಟ್ 2025

ಅಪರ್ಣ ಮೇಡಂ ಅವರಿಗೆ,

ತಪ್ಪು ತಿಳಿಯಬೇಡಿ. ಭಾನುವಾರ ಹಸುವನ್ನು ಕೆರೆ ಕಡೆಗೆ ಮೇಯಲು ಹೊಡೆದುಕೊಂಡು ಹೋಗಿದ್ದೆ. ಯಜಮಾನರಿಗೆ ಅದು ಗೊತ್ತಿರಲಿಲ್ಲ.

ಮೀನು ಬೆರಳುದ್ದ ದಾಟಿವೆ. ನೀರು ಎಷ್ಟು ಇಳಿಯುತ್ತದೆಂದು ದಡದ ಕಲ್ಲಿನ ಮೇಲೆ ಬಳಪದಲ್ಲಿ ಗುರುತು ಹಾಕುತ್ತಿದ್ದೇನೆ. ಹೋದ ವರ್ಷ ಈ ಹೊತ್ತಿಗೆ ಇದರ ಎರಡರಷ್ಟು ಇಳಿದಿತ್ತು. ನಿಮ್ಮ ತೆಪ್ಪದಿಂದ ಅದೊಂದು ಅನುಕೂಲವಂತೂ ನಿಜ.

ಬಾಟಲಿ ಮೂರು ಇಟ್ಟಿದ್ದೇನೆ. ಎರಡನೆಯದರ ಮುಚ್ಚಳ ಸ್ವಲ್ಪ ಸಡಿಲ, ದಾರ ಸುತ್ತಿದ್ದೇನೆ.

ನರಸಮ್ಮ

*

ತುಮಕೂರು
25 ಆಗಸ್ಟ್ 2025

ನರಸಮ್ಮ ಅವರಿಗೆ,

ನಿನ್ನೆ ಮತ್ತೆ ಪರೀಕ್ಷೆ ಮಾಡಿದೆ. ಈ ಸಲ ಹಸು ಮೇಯಿಸುವ ಹೊತ್ತಲ್ಲ ಅಂತ ಸಂಜೆ ಏಳಕ್ಕೆ ಕೂಗಿಸಿದೆ. ಮತ್ತೆ ಯಾರೂ ಬರಲಿಲ್ಲ.

ನೇರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಾರ್ಗದರ್ಶಕರು ಮಹಾಲಿಂಗಯ್ಯ ಸರ್. ಅವರು ಕೇಳಿದರು: "ಸೈರನ್ ಕೂಗಿದ್ರೂ ಎದ್ದು ಬರ್ದೇ ಇರೋರ ಹತ್ರ ಯಂತ್ರ ಇಟ್ಟು ಏನಮ್ಮ ಪ್ರಯೋಜನ?" ನಿಮಗೆ ಇದರಲ್ಲಿ ಆಸಕ್ತಿ ಉಳಿದಿಲ್ಲ ಎಂದು ನನಗೂ ಅನ್ನಿಸತೊಡಗಿದೆ. ಹಾಗಿದ್ದರೆ ಹೇಳಿಬಿಡಿ. ಅಕ್ಟೋಬರ್ ಮೊದಲ ವಾರ ಬಂದು ತೆಪ್ಪ ಬಿಚ್ಚಿಕೊಂಡು ಹೋಗುತ್ತೇವೆ. ಬೇರೆ ರೈತರೊಬ್ಬರು ಕೇಳುತ್ತಿದ್ದಾರೆ.

ಅಲ್ಲಿಯವರೆಗೆ ಬಾಟಲಿ ಕಳಿಸುವುದನ್ನು ನಿಲ್ಲಿಸಬೇಡಿ.

ಅಪರ್ಣ

*

ಕಡಬ
30 ಆಗಸ್ಟ್ 2025

ಮೇಡಂ ಅವರಿಗೆ,

ಬಾಟಲಿ ಮೂರು.

ನರಸಮ್ಮ

*

ಕಡಬ
20 ಸೆಪ್ಟೆಂಬರ್ 2025

ಮೇಡಂ ಅವರಿಗೆ,

ಬಾಟಲಿ ಮೂರು. ಮೀನು ಚೆನ್ನಾಗಿವೆ.

ನರಸಮ್ಮ

*

ತುಮಕೂರು
22 ಸೆಪ್ಟೆಂಬರ್ 2025

ನರಸಮ್ಮನವರಿಗೆ ನಮಸ್ಕಾರ.

ನೀವು ಕಳಿಸಿದ ಎರಡೇ ಪದದ ಸುದ್ದಿಯನ್ನು ಶನಿವಾರದಿಂದ ಎಷ್ಟು ಸಲ ಓದಿದ್ದೇನೋ. "ಮೀನು ಚೆನ್ನಾಗಿವೆ." ನಿಜವಾಗಿಯೂ ಚೆನ್ನಾಗಿವೆಯಾ?

ಯಾಕೆ ಕೇಳುತ್ತಿದ್ದೇನೆಂದರೆ, ಹದಿನೇಳನೇ ತಾರೀಕು ಬುಧವಾರ ಏನೋ ನಡೆದಿದೆ. ಅದಕ್ಕೆ ಮುಂಚೆ ನಾಲ್ಕು ದಿನ ಮೋಡ ಕವಿದಿತ್ತು. ಬುಧವಾರ ಬೆಳಗ್ಗೆ ಒಳ್ಳೆ ಬಿಸಿಲು ಬಂತು. ಆದರೆ ಏಳೂವರೆಯಿಂದ ಹನ್ನೊಂದರವರೆಗೆ ನಿಮ್ಮ ಪ್ಯಾನಲ್‌ನಿಂದ ಕರೆಂಟೇ ಬಂದಿಲ್ಲ. ಯಾರೋ ತೆಪ್ಪವನ್ನು ನೆರಳಿಗೆ ಎಳೆದಂತೆ ಇದೆ. ಅದಕ್ಕೂ ಮುಂಚೆ, ಬೆಳಗ್ಗೆ ಐದೂವರೆ ಸುಮಾರಿಗೆ, ಸೈರನ್ ಕೂಗದೇ ಇದ್ದಾಗಲೂ ಯಾರೋ ಕೆಂಪು ಗುಂಡಿ ಒತ್ತಿದ್ದಾರೆ.

ಕುಣಿಗಲ್‌ನಲ್ಲೂ ಅವತ್ತು ಸ್ವಲ್ಪ ತೊಂದರೆಯಾಯಿತು. ಅದಿರಲಿ. ನಿಮ್ಮ ಮೇಲೆ ಸಿಟ್ಟಿಲ್ಲ. ಹಗ್ಗ ಬಿಚ್ಚಿದ್ದರೆ ಬಿಚ್ಚಿದೆ ಅಂತ ಬರೆಯಿರಿ. ನನಗೆ ಈಗ ಬೇಕಾಗಿರುವುದು ನಡೆದದ್ದು ಮಾತ್ರ.

ಅಪರ್ಣ

*

ಕಡಬ
27 ಸೆಪ್ಟೆಂಬರ್ 2025

ಅಪರ್ಣ ಮೇಡಂ ಅವರಿಗೆ ನಮಸ್ಕಾರಗಳು.

ನಡೆದದ್ದು ಬರೆಯುತ್ತೇನೆ. ಅದಕ್ಕೆ ಮೊದಲು, ನಾನು ಹಸು ಮೇಯಿಸಲು ಹೋಗಿದ್ದೆ ಅಂದದ್ದು ಸುಳ್ಳು. ನಮಗೆ ಹಸುವೇ ಇಲ್ಲ. ಎರಡು ಸಲವೂ ನಾನು ಮನೆಯಲ್ಲೇ ಇದ್ದೆ. ಎರಡನೇ ಸಲ ಮುದ್ದೆ ತೊಳಸುತ್ತಿದ್ದೆ. ಸೈರನ್ ಕೂಗಿದ್ದು ನನಗೆ ಕೇಳಲಿಲ್ಲ.

ನನಗೆ ಕಿವಿ ಕೇಳುವುದಿಲ್ಲ, ಮೇಡಂ.

ಆರು ವರ್ಷದ ಹಿಂದೆ ದೊಡ್ಡ ಜ್ವರ ಬಂದು ಹೋದ ಮೇಲೆ ಒಂದೊಂದೇ ದನಿ ದೂರವಾಯಿತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ, ಪಕ್ಕದಲ್ಲೇ ಕೊಡಪಾನ ಬಿದ್ದರೆ, ಆಚೆ ಊರಲ್ಲೆಲ್ಲೋ ಬಿದ್ದ ಹಾಗೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ನೀವು ಬಂದ ದಿನ ನಿಮ್ಮ ಮುಖದಿಂದ ಕಣ್ಣು ಕೀಳಲಿಲ್ಲ. "ಎಷ್ಟು ಗಮನವಿಟ್ಟು ಕೇಳ್ತೀರಾ ನೀವು!" ಅಂದಿರಿ. ನನಗೆ ಒಳಗೇ ನಗು ಬಂತು, ಭಯವೂ ಆಯಿತು.

ನಿಮ್ಮ ಅರ್ಜಿಯಲ್ಲಿ "ಸೈರನ್ ಕೇಳುವಷ್ಟು ದೂರದಲ್ಲಿ ಮನೆ ಇದೆಯೇ?" ಎಂದಿತ್ತು. ಮನೆ ಇತ್ತು. "ಇದೆ" ಅಂತ ಬರೆದೆ. ಅರ್ಜಿ ಕೇಳಿದ್ದು ಮನೆಯ ದೂರವನ್ನು, ಕಿವಿಯನ್ನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀವು ತೆಪ್ಪ ಇಳಿಸಿದ ದಿನವೇ ಯಜಮಾನರು ಅಂದಿದ್ದರು, "ಕಿವಿ ಕೇಳ್ದೇ ಇರೋಳ್ಗೆ ಕೂಗೋ ಗಂಟೆ ಕೊಟ್ಟವ್ರಲ್ಲ, ನಾಳೀಕೆ ಗೊತ್ತಾದ್ರೆ ಎತ್ಕೊಂಡ್ ಹೋಯ್ತಾರೆ ನೋಡು." ಅದಕ್ಕೇ ಮುಚ್ಚಿಟ್ಟೆ. ಕಿವಿ ಹೋದ ಮೇಲೆ ನನ್ನನ್ನು ಸ್ತ್ರೀಶಕ್ತಿ ಸಂಘದ ಮೀಟಿಂಗಿಗೂ ಯಾರೂ ಕರೆಯುತ್ತಿಲ್ಲ. ಈ ಹೊಂಡ ಒಂದು ನನ್ನದು ಅಂತ ಇತ್ತು.

ಸೈರನ್ ಕೇಳುವುದಿಲ್ಲವಲ್ಲ ಅಂತ ಮೊದಲ ದಿನದಿಂದ ಒಂದು ಉಪಾಯ ಮಾಡಿಕೊಂಡೆ. ಉಸಿರು ಇಳಿಯುವುದು ಬೆಳಗಿನ ಜಾವ ಎಂದು ನೀವೇ ಬರೆದಿದ್ದಿರಿ. ದಿನಾ ಐದಕ್ಕೆ ಎದ್ದು ಹೊಂಡದ ದಡದಲ್ಲಿ ಕೂರುತ್ತೇನೆ. ಬೆಳಕು ಬಿಡುವವರೆಗೆ ಮೀನು ನೋಡುತ್ತೇನೆ. ನೀವು ಹೊತ್ತಲ್ಲದ ಹೊತ್ತಿನಲ್ಲಿ ಪರೀಕ್ಷೆ ಮಾಡುತ್ತೀರೆಂದು ನನಗೇನು ಗೊತ್ತು?

ಬುಧವಾರ ಹೋದಾಗ ಕಾಟ್ಲಾ ಅಷ್ಟೂ ಮೇಲೆ ಬಂದಿದ್ದವು. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಟಾರ್ಚು ಬಿಟ್ಟರೂ ಒಳಗೆ ಹೋಗಲಿಲ್ಲ. ಆಮ್ಲಜನಕ ತೋರಿಸುವ ನಿಮ್ಮ ಪೆಟ್ಟಿಗೆ ನೋಡಿದರೆ ಹಸಿರು ದೀಪ ಉರಿಯುತ್ತಿತ್ತು. ಐದೂ ಮುಕ್ಕಾಲು ಎಂದು ತೋರಿಸುತ್ತಿತ್ತು. ಮೂರಕ್ಕಿಂತ ಇಳಿದರೆ ತಾನೆ ತೊಂದರೆ? ಒಂದು ಗಳಿಗೆ ಯಾವುದನ್ನು ನಂಬಲಿ ಅಂತ ನಿಂತೆ. ಆಮೇಲೆ ಮೀನನ್ನೇ ನಂಬಿ ಗುಂಡಿ ಒತ್ತಿದೆ. ಯಂತ್ರ ಹತ್ತು ನಿಮಿಷ ಗುಳ್ಳೆ ಎಬ್ಬಿಸಿ ನಿಂತುಹೋಯಿತು. ನಾಲ್ಕು ದಿನ ಮೋಡ, ಬ್ಯಾಟರಿ ಖಾಲಿಯಾಗಿತ್ತು. ಬೋರಿಗೆ ಕರೆಂಟ್ ಇಲ್ಲ.

ಓಡಿ ಹೋಗಿ ಮುಖಕ್ಕೆ ಟಾರ್ಚು ಬಿಟ್ಟು ಯಜಮಾನರನ್ನು ಎಬ್ಬಿಸಿದೆ. "ಏನ್ಲೇ, ಏನಾಯ್ತು?" ಅಂದರು.

"ಮೀನ್ ಸಾಯ್ತವೆ, ಎದ್ ಬನ್ನಿ."

ಬಂದು ಪೆಟ್ಟಿಗೆ ನೋಡಿದರು. "ಇದ್ರಲ್ಲಿ ಸರ್ಯಾಗೇ ತೋರುಸ್ತೈತಲ್ಲ?"

"ಪೆಟ್ಗೆ ಏನ್ ಉಸ್ರಾಡ್ತದಾ? ಇಳೀರಿ ಅಂದ್ರೆ ನೀರ್ಗೆ!"

ಇಬ್ಬರೂ ಸೊಂಟಮಟ್ಟದ ನೀರಿನಲ್ಲಿ ನಿಂತು ತೆಂಗಿನ ಗರಿಯಲ್ಲಿ ನೀರು ಬಡಿದೆವು. ಬಿಂದಿಗೆಯಲ್ಲಿ ಮೊಗೆದು ಎತ್ತರದಿಂದ ಸುರಿದೆವು. ನನ್ನ ತಾಯಿ ಕೆರೆ ಮೀನು ತಂದು ತೊಟ್ಟಿಯಲ್ಲಿ ಬಿಟ್ಟಾಗ ಹೀಗೇ ಮಾಡುತ್ತಿದ್ದಳು. ತೋಳು ಬಿದ್ದುಹೋದವು. ಏಳು ಗಂಟೆಗೆ ಬಿಸಿಲು ಬಂತು ನೋಡಿ, ಆಗ ನನಗೆ ನಿಮ್ಮ ಪಾಚಿಯ ಮಾತು ನೆನಪಾಯಿತು. ಬಿಸಿಲು ಬಿದ್ದರೆ ಪಾಚಿ ಉಸಿರು ಕೊಡುತ್ತದೆ. ಆದರೆ ಬಿಸಿಲು ಬೀಳುವ ಕಡೆಯೇ ತೆಪ್ಪ ಇತ್ತು. ಹಗ್ಗಕ್ಕೆ ಕೈ ಹಾಕಿದೆ.

"ಹಗ್ಗ ಮುಟ್ಬ್ಯಾಡ ಅಂತ ಮೇಡಮ್ಮು ಬರ್ದವ್ರೆ ಕಣೇ!" ಅಂದರು.

"ಮೀನ್ ಸಾಯ್ಲಿ ಅಂತ ಬರ್ದಿಲ್ವಲ್ಲ ಅವ್ರು," ಅಂದೆ.

ತೆಪ್ಪ ಎಳೆದು ದಡದ ಮರದ ನೆರಳಿಗೆ ಕಟ್ಟಿದೆವು. ಒಂಬತ್ತಕ್ಕೆಲ್ಲ ಮೀನು ಕೆಳಗಿಳಿದವು. ಹನ್ನೊಂದಕ್ಕೆ ತೆಪ್ಪವನ್ನು ಇದ್ದ ಜಾಗದಲ್ಲೇ ಕಟ್ಟಿದೆ. ಹದಿಮೂರು ಸತ್ತಿದ್ದವು. ಉಳಿದವು ಚೆನ್ನಾಗಿವೆ ಅಂದದ್ದು ಸುಳ್ಳಲ್ಲ.

ನಿಮ್ಮ ಪ್ರಯೋಗ ನನ್ನಿಂದ ಕೆಟ್ಟಿದ್ದರೆ ಕ್ಷಮಿಸಬೇಕು. ತೆಪ್ಪ ಬಿಚ್ಚಿಕೊಂಡು ಹೋಗಿ. ನಾನು ಅಡ್ಡ ಬರುವುದಿಲ್ಲ.

ನರಸಮ್ಮ

*

ತುಮಕೂರು
28 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ನರಸಮ್ಮನವರಿಗೆ,

ಬಾಟಲಿಗಳ ಜೊತೆ ಬಂದ ನಿಮ್ಮ ಕಾಗದವನ್ನು ನಿನ್ನೆ ಬಸ್ ನಿಲ್ದಾಣದಲ್ಲೇ ಒಡೆದು ಓದಿದೆ. ಓದುತ್ತ ಅಲ್ಲೇ ಕೂತುಬಿಟ್ಟೆ. ಗಂಗಾಧರ್ ಹತ್ತಿರ ಬಂದು, "ಯಾಕ್ ಮೇಡಂ, ಕಡಬದಲ್ಲಿ ಏನಾರ ಆಯ್ತಾ?" ಅಂದರು. "ಹದಿಮೂರೇ ಸತ್ತಿರೋದು," ಅಂದೆ. ಪಾಪ, ಅವರು ಏನು ತಿಳಿದುಕೊಂಡರೋ, ಮುಖ ಬಿಳಿಚಿಕೊಂಡಿತು. "ಮೀನು ಗಂಗಾಧರ್, ಮೀನು!" ಅಂತ ಹೇಳಿ ನಾನೇ ನಕ್ಕೆ. ನಗುತ್ತ ಅಳು ಬಂತು.

ಈಗ ನಾನು ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಕುಣಿಗಲ್‌ನಲ್ಲಿ ಆದದ್ದು ಸ್ವಲ್ಪ ತೊಂದರೆಯಲ್ಲ. ಅದೇ ಬುಧವಾರ ದಯಾನಂದ ಅವರ ಒಂಬೈನೂರು ಮೀನಿನಲ್ಲಿ ಏಳುನೂರು ಸತ್ತವು. ಅವರ ಪೆಟ್ಟಿಗೆಯಲ್ಲೂ ಹಸಿರು ದೀಪವೇ ಇತ್ತು. ಸೈರನ್ ಕೂಗಲಿಲ್ಲ. ಕೂಗದಿದ್ದರೆ ನಿಶ್ಚಿಂತೆಯಾಗಿರಿ ಎಂದು ನಾನೇ ಬರೆದುಕೊಟ್ಟಿದ್ದೆ. ಅವರು ನಂಬಿ ಮಲಗಿದ್ದರು. ನಾನು ಹೋಗಿ ನೋಡಿದಾಗ ಸೆನ್ಸರಿನ ತುದಿಗೆ ಲೋಳೆ ಕಟ್ಟಿತ್ತು. ಲೋಳೆಯಿಂದ ಸೆನ್ಸರಿಗೆ ಹೊರಗಿನ ನೀರೇ ತಾಗದಂತಾಗಿರಬೇಕು; ಅದನ್ನು ಇನ್ನೂ ಪರೀಕ್ಷಿಸುತ್ತಿದ್ದೇನೆ. ತಿಂಗಳಿಗೊಮ್ಮೆ ತೊಳೆಯಿರಿ ಎಂದು ಬರೆದಿದ್ದು ನಾನು. ತಿಳಿನೀರಿಗೆ ಹೇಳಿದ ಲೆಕ್ಕವನ್ನು ಹಿಂಡಿ, ತೌಡು ಹಾಕುವ ಹೊಂಡಕ್ಕೂ ಹಾಗೇ ಬರೆದುಬಿಟ್ಟೆ. ವಾರಕ್ಕೊಮ್ಮೆಯಾದರೂ ತೊಳೆಯಬೇಕಿತ್ತು. ತಪ್ಪು ದಯಾನಂದ ಅವರದಲ್ಲ, ನನ್ನದು. ಇದನ್ನು ಅವರಿಗೆ ಇನ್ನೂ ಹೇಳಿಲ್ಲ. ಹನ್ನೊಂದು ದಿನದಿಂದ ಮಹಾಲಿಂಗಯ್ಯ ಸರ್‌ಗೂ ಪೂರ್ತಿ ಹೇಳಿಲ್ಲ.

ನಿಮ್ಮ ಸೆನ್ಸರಿನಲ್ಲೂ ಅದೇ ಲೋಳೆ ಇದ್ದಿರಲೇಬೇಕು. ಸೈರನ್ ನಂಬಿ ಕೂತಿದ್ದರೆ ನಿಮ್ಮವೂ ಹೋಗುತ್ತಿದ್ದವು. ನಿಮಗೆ ಆಸಕ್ತಿಯಿಲ್ಲ ಎಂದು ನಾನು ಬರೆದ ದಿನವೂ ನೀವು ಬೆಳಗ್ಗೆ ಐದಕ್ಕೆ ಎದ್ದು ಹೊಂಡದ ಹತ್ತಿರ ಕೂತಿದ್ದಿರಿ ಅನ್ನುವುದನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ. ಫೋನ್ ಬೇಡ ಅಂತ ಬರೆದಿರಿ. ಯಾಕೆ ಅಂತ ಒಂದು ಸಲವಾದರೂ ಕೇಳಬಹುದಿತ್ತು, ಕೇಳಲಿಲ್ಲ.

ತೆಪ್ಪ ಬಿಚ್ಚುವುದಿಲ್ಲ. ಈ ಕಾಗದ ಸಿಕ್ಕ ದಿನವೇ ಸೆನ್ಸರ್ ತೊಳೆಯಿರಿ, ಮೆತ್ತನೆ ಬಟ್ಟೆಯಲ್ಲಿ, ಸೋಪು ಬೇಡ.

ನಿಮ್ಮ
ಅಪರ್ಣ

*

ಕಡಬ
4 ಅಕ್ಟೋಬರ್ 2025

ಅಪರ್ಣಮ್ಮನಿಗೆ ನರಸಮ್ಮ ಮಾಡುವ ಆಶೀರ್ವಾದಗಳು.

ಇನ್ನು ಮೇಡಂ ಅಂತ ಬರೆಯುವುದಿಲ್ಲ, ಬೇಜಾರಿಲ್ಲ ತಾನೆ?

ನಿಮ್ಮ ಕಾಗದವನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಓದುವುದು ನಿಧಾನ. ತೆಪ್ಪ ಬಿಚ್ಚುವುದಿಲ್ಲ ಅನ್ನುವ ಸಾಲಿಗೆ ಬಂದಾಗ ನನ್ನ ಕಡೆ ತಿರುಗಿ, ನನಗೆ ತಿಳಿಯಲಿ ಅಂತ ತುಟಿ ಅಗಲ ಮಾಡಿ, "ಗೆದ್ಬುಟ್ಟೆ ಬುಡು" ಅಂದರು. ಆಮೇಲೆ ಆಟೋ ತೊಳೆಯಲು ಹೋದರು. ಅವತ್ತು ಆಟೋ ತೊಳೆಯುವ ದಿನವೇ ಆಗಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಾಗ ಗಂಡಸರು ಹೀಗೇ ಏನಾದರೂ ತೊಳೆಯುತ್ತಾರೆ.

ಸೆನ್ಸರ್ ತೊಳೆದೆ. ಬೆಂಡೆಕಾಯಿ ಲೋಳೆಯ ಹಾಗೆ ಬಂತು. ತೊಳೆದ ಮೇಲೆ ಐದು ಮುಕ್ಕಾಲು ಇದ್ದದ್ದು ನಾಲ್ಕೂಕಾಲಕ್ಕೆ ಇಳಿಯಿತು. ಪೆಟ್ಟಿಗೆಗೂ ಬುದ್ಧಿ ಬಂತು.

ಒಂದು ಮಾತು ಹೇಳುತ್ತೇನೆ. ದಯಾನಂದ ಅವರಿಗೆ ನಿಜ ಹೇಳಿ. ಬರೆಯಬೇಡಿ, ಹೋಗಿ ಹೇಳಿ. ನನಗೆ ಬರೆಯುವುದು ಬೇಕು, ಅವರಿಗೆ ಕಿವಿ ಇದೆ. ಸತ್ತ ಮೀನಿನ ಹೊಂಡದ ಪಕ್ಕ ದಿನಾ ಓಡಾಡುವವರು ತಮ್ಮ ಮನಸ್ಸಿಗೆ ಏನೇನು ಹೇಳಿಕೊಳ್ಳುತ್ತಿದ್ದಾರೋ ನಮಗೇನು ಗೊತ್ತು.

ನರಸಮ್ಮ

*

ತುಮಕೂರು
13 ಅಕ್ಟೋಬರ್ 2025

ನರಸಮ್ಮನವರಿಗೆ,

ಕುಣಿಗಲ್‌ಗೆ ಹೋಗಿ ಬಂದೆ. ಬಸ್ಸಿನಲ್ಲಿ ಹೋಗುವಾಗ ಹೆಬ್ಬೂರು ದಾಟುವಷ್ಟರಲ್ಲೇ ವಾಪಸು ಬಂದುಬಿಡೋಣ ಅನ್ನಿಸಿತ್ತು.

ದಯಾನಂದ ಅವರು ಹೊಂಡದ ಕಡೆ ಕರೆದುಕೊಂಡೇ ಹೋಗಲಿಲ್ಲ. ಜಗಲಿಯಲ್ಲೇ ಕೂರಿಸಿದರು. ನಾನು ಕೂತವಳೇ ಹೇಳಿಬಿಟ್ಟೆ: "ತೊಳೆಯೋ ಲೆಕ್ಕ ನಾನೇ ತಪ್ಪು ಬರೆದುಕೊಟ್ಟಿದ್ದೆ. ನಿಮ್ಮ ಮೀನು ಸತ್ತಿದ್ದು ನನ್ನಿಂದ."

ಬೈಯುತ್ತಾರೆ ಅಂದುಕೊಂಡೆ. ಆದರೆ ಅವರು ಕೇಳಿದರು, "ಹಂಗಾದ್ರೆ ನನ್ ತಪ್ಪಲ್ವಾ ಮೇಡಂ?"

"ಅಲ್ಲ."

"ತಿಂಗ್ಳಾಗಿತ್ತು ತೊಳ್ದು, ಎರಡು ದಿನ ತಡ ಮಾಡಿದ್ದೆ. ಆ ಎರಡು ದಿನದಿಂದ್ಲೇ ಸತ್ವು ಅಂತ ಅವತ್ತಿಂದ ಊಟ ಸೇರ್ತಿರ್ಲಿಲ್ಲ. ನಿಮ್ಗೆ ಹೇಳೋಕೂ ಧೈರ್ಯ ಆಗ್ಲಿಲ್ಲ." ಹಾಗಂದವರೇ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ ತಾವಾಗಿಯೇ "ಬನ್ನಿ, ಹೊಂಡ ನೋಡೋಣ" ಅಂದರು. ಬದುಕಿದ ಇನ್ನೂರು ಮೀನು ಅಲ್ಲಿವೆ. ಹೊಸ ಮರಿ ನಮ್ಮ ಪ್ರಯೋಗದ ವತಿಯಿಂದಲೇ ಬಿಡುತ್ತೇವೆ. ತೆಪ್ಪವನ್ನು ಅರ್ಧದಿಂದ ಮೂರರಲ್ಲೊಂದು ಭಾಗಕ್ಕೆ ಇಳಿಸಿದ್ದೇವೆ. ಕಡಬದಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಮೀನು ನೋಡುವವರೊಬ್ಬರಿದ್ದಾರೆ ಎಂದು ಹೇಳಿದೆ. ನಾಳೆಯಿಂದ ತಾನೂ ಏಳುತ್ತೇನೆ ಅಂದರು.

ಮಹಾಲಿಂಗಯ್ಯ ಸರ್‌ಗೂ ಎಲ್ಲ ಹೇಳಿದೆ. ನಿಮ್ಮ ಕಾಗದವನ್ನೇ ಮುಂದಿಟ್ಟೆ. ಓದಿ ಕನ್ನಡಕ ತೆಗೆದು, "ಮೀನು ಬಾಯಿ ಬಿಡೋದನ್ನ ಯಾವ ಕಾಲಮ್ಮಲ್ಲಿ ಬರೀತೀಯಮ್ಮ?" ಅಂದರು. "ಹೊಸ ಕಾಲಮ್ ಹಾಕ್ತೀನಿ ಸರ್," ಅಂದೆ. "ಹಾಕು. ಎರಡೂ ಹೊಂಡದಲ್ಲಿ ಹಾಕು. ಆ ಹದಿನೇಳನೇ ತಾರೀಕಿನ ಅಂಕಿ ಕಿತ್ತುಹಾಕ್ಬೇಡ, ತಪ್ಪು ಅಂತ ಬರೆದು ಹಾಗೇ ಇಡು," ಅಂದರು. ಬೈಯಲಿಲ್ಲ ಅಂತಲ್ಲ, ಬೈದರು. ಆದರೆ ಅದು ಕೆಲಸ ಮುಂದುವರಿಸುವವರಿಗೆ ಬೈಯುವ ಬೈಗುಳ.

ನವೆಂಬರಿನಲ್ಲಿ ಬಂದು ನಿಮ್ಮ ಅಡುಗೆಮನೆ ಕಿಟಕಿಗೂ ಮಲಗುವ ಕೋಣೆಗೂ ಒಂದೊಂದು ಮಿಂಚುವ ಕೆಂಪು ದೀಪ ಹಾಕುತ್ತೇನೆ. ಸೈರನ್ ಕೂಗಿದಾಗ ಅವೂ ಮಿಂಚುತ್ತವೆ.

ಇನ್ನೊಂದು ಸತ್ಯ ಉಳಿದಿದೆ. ಮೀನಿನ ಮೇಲೆ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಒಂದು ದಿನವೂ ತಿಂದಿಲ್ಲ. ನಮ್ಮಮ್ಮ ಅಲಮೇಲಮ್ಮನವರು, ನಾನು ಹೊಂಡಕ್ಕೆ ಹೋಗಿ ಬಂದ ದಿನ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಬಿಡುವುದಿಲ್ಲ. ನಿಮ್ಮ ಊಟದ ಕರೆಗೆ ಜುಲೈನಿಂದ ತಪ್ಪಿಸಿಕೊಳ್ಳುತ್ತಿದ್ದೆ.

ಅಪರ್ಣ

*

ಕಡಬ
6 ಡಿಸೆಂಬರ್ 2025

ಅಪರ್ಣಮ್ಮನಿಗೆ,

ಗುರುವಾರ ಬೆಳಗಿನ ಜಾವ ದೀಪ ಮಿಂಚಿತು! ನಾನು ಆಗ ತಾನೆ ಎದ್ದು ಒಲೆ ಹಚ್ಚುತ್ತಿದ್ದೆ. ಗೋಡೆಯೆಲ್ಲ ಕೆಂಪಗಾಯಿತು. ಓಡಿದರೆ ಮೀನು ಇನ್ನೂ ಕೆಳಗೇ ಇದ್ದವು. ಒಂದೆರಡು ಕಾಟ್ಲಾ ಮಾತ್ರ ಮೇಲಕ್ಕೆ ಬರೋಣವೋ ಬೇಡವೋ ಅನ್ನುತ್ತಿದ್ದವು. ಗುಂಡಿ ಒತ್ತಿದೆ. ಬ್ಯಾಟರಿ ತುಂಬಿತ್ತು, ಯಂತ್ರ ಒಂದು ಗಂಟೆ ಓಡಿತು. ಒಂದೂ ಸಾಯಲಿಲ್ಲ. ಈ ಸಲ ಪೆಟ್ಟಿಗೆ ನನಗಿಂತ ಮೊದಲು ನೋಡಿತ್ತು. ನೀವು ಕೊಟ್ಟ ಪುಸ್ತಕದ ಹೊಸ ಕಾಲಮ್ಮಿನಲ್ಲಿ ಹಾಗೇ ಬರೆದಿದ್ದೇನೆ.

ಮೀನು ತಿನ್ನದಿದ್ದರೆ ಅವರೆಕಾಳಿನ ಸಾರು ಮಾಡುತ್ತೇನೆ. ಹೊಸ ಪಾತ್ರೆ ಬೇಕೆಂದರೆ ಅದೂ ಇದೆ. ಇಷ್ಟಕ್ಕೆ ಜುಲೈನಿಂದ ಒದ್ದಾಡಿದಿರಾ?

ನರಸಮ್ಮ

*

ಕಡಬ
24 ಜನವರಿ 2026, ಶನಿವಾರ

ಅಪರ್ಣಮ್ಮನಿಗೆ ಆಶೀರ್ವಾದಗಳು.

ಗುರುವಾರ ನೀವು ಅವರೆಕಾಳಿನ ಸಾರು ಉಂಡು ಇಲ್ಲಿಂದ ಬಸ್ಸು ಹತ್ತಿ ಹೋದ ಮೇಲೆ ನಡೆದದ್ದು ಬರೆಯುತ್ತೇನೆ, ನೀವು ನೋಡಲಿಲ್ಲವಲ್ಲ.

ಮೀನೆಲ್ಲ ಬಲೆಯಲ್ಲಿ ಎಳೆದು, ತೂಕ ಮಾಡಿ, ನಿಮ್ಮ ಪುಸ್ತಕದಲ್ಲಿ ಬರೆದು ಮುಗಿಸುವಷ್ಟರಲ್ಲಿ ಅರ್ಧ ಊರು ದಡದಲ್ಲಿ ಸೇರಿತ್ತು. ಕಾಟ್ಲಾ ಒಂದೊಂದು ಮುಕ್ಕಾಲು ಕೆ.ಜಿ. ಬಂದದ್ದು ನೀವೇ ನೋಡಿದಿರಿ. ನೀವು ಹೋದ ಅರ್ಧ ಗಂಟೆಗೆ ಕೆರೆಯ ಆಚೆ ದಡದ ಸುಮನಾ ಬಂದಳು. ಹೋದ ವರ್ಷ ಮದುವೆಯಾಗಿ ಬಂದ ಹುಡುಗಿ. ಅವರಿಗೂ ಒಂದು ಹೊಂಡವಿದೆ, ನೀರು ಬೇಸಿಗೆಗೆ ನಿಲ್ಲುವುದಿಲ್ಲ. ಎದುರಿಗೆ ಬಂದು ನಿಂತು ನಿಧಾನವಾಗಿ, "ಅಕ್ಕ, ನಮ್ಗೂ ಹೇಳ್ಕೊಡ್ತೀರಾ?" ಅಂದಳು. ಯಾರಿಂದ ಕೇಳಿಕೊಂಡಿದ್ದಳೋ, ನನ್ನ ಜೊತೆ ಹೇಗೆ ಮಾತಾಡಬೇಕೆಂದು ತಿಳಿದುಕೊಂಡೇ ಬಂದಿದ್ದಳು.

"ಹೇಳ್ಕೊಡ್ತೀನಿ, ಬೆಳಗ್ಗೆ ಐದಕ್ಕೆ ಏಳೋಕಾಯ್ತದಾ?" ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ ಗೊತ್ತಿಲ್ಲ. ಬಲೆ ಒಣಹಾಕುತ್ತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಅವಳೂ ನಕ್ಕಳು. ಏಳ್ತೀನಿ ಅಂದಳು. ಸೋಮವಾರ ಸಂಘದ ಹೆಂಗಸರೂ ಬರುತ್ತಾರಂತೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತರಲು ಹೇಳಿದ್ದೇನೆ.

ನಿನ್ನೆಯ ವಿಷಯ ಕೇಳಿ. ಆರು ತಿಂಗಳಿನಿಂದ ಒಂದು ದಿನವೂ ಬಿಡದೆ ಐದಕ್ಕೆ ಎದ್ದವಳು ನಾನು. ನಿನ್ನೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಗಾಬರಿಯಿಂದ ಎದ್ದು ಹೊರಗೆ ಓಡಿದೆ. ಹೊಂಡದಲ್ಲಿ ಮೀನಿಲ್ಲವಲ್ಲ ಎಂದು ಆಮೇಲೆ ನೆನಪಾಯಿತು. ಯಜಮಾನರು ಆಟೋ ತೆಗೆಯದೆ ಜಗಲಿ ಮೇಲೆ ಕೂತಿದ್ದರು. ಒಲೆಯ ಮೇಲೆ ಟೀ ಕಾಸಿ ಮುಚ್ಚಿಟ್ಟಿದ್ದರು. ಎಂಟೂವರೆಯಾಗಿತ್ತು.

"ಎಬ್ಸೋದಲ್ವಾ?" ಅಂದೆ.

ನನ್ನ ಕಡೆ ಮುಖ ತಿರುಗಿಸಿ ಹೇಳಿದರು, "ಎಂಗ್ ಮಲ್ಗಿದ್ದೆ ಗೊತ್ತಾ? ಮಗಾ ಮಲ್ಗಿದ್ದಂಗಿತ್ತು. ಮನಸ್ಸು ಬರ್ನಿಲ್ಲ ಕಣೇ."

ಟೀ ಕುಡಿದು ಮತ್ತೆ ಹೋಗಿ ಮಲಗಿದೆ, ಅಪರ್ಣಮ್ಮ. ಹತ್ತು ಗಂಟೆವರೆಗೆ ಮಲಗಿದ್ದೆ. ಹೊಸ ಮರಿ ಯಾವಾಗ ಬರುತ್ತವೆಂದು ಒಂದು ವಾರ ಮುಂಚೆ ತಿಳಿಸಿ. ಅಲ್ಲಿಯವರೆಗೆ ನಾನು ಹೀಗೇ ತಡವಾಗಿ ಏಳುವವಳು.

ನರಸಮ್ಮ